ಗಂಟಲಿನ ಕೊಳವೆಗೊಂದು ರಿಹರ್ಸಲ್

ವೇಣೂರಿನಿಂದ ಮೂಡುಬಿದಿರೆ, ಸಿದ್ಧಕಟ್ಟೆ ಹಾದು ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಊರುಗಳ ಹೆಸರನ್ನು ನನ್ನ ಸ್ವರದಲ್ಲಿ ಕೂಗುವುದು ಕಡಿಮೆ, ಮಿಮಿಕ್ರಿಯೇ ಹೆಚ್ಚು. ಸಿದ್ಧಕಟ್ಟೆ ಬಂತೆಂದರೆ ನನ್ನ ಬಾಯಲ್ಲಿ ನಮ್ಮ ಹೆಡ್‌ಮಾಸ್ತರರು ಗದರುತ್ತಾರೆ. ಬಂಟ್ವಾಳ ಬಂತೆಂದರೆ ದುಬೈಯಿಂದ ರಜೆಯಲ್ಲಿ ಬಂದ ಭಾವ ಗತ್ತಿನಲ್ಲಿ ಹೇಳುತ್ತಾರೆ. ಇಳಿಯುವವರು ನಗುತ್ತಾ ಇಳಿಯುತ್ತಾರೆ. ನನ್ನ ಸ್ವಂತ ಸ್ವರ ಅಷ್ಟಕ್ಕಷ್ಟೆ, ಅದಕ್ಕೆ ಹೆಚ್ಚಾಗಿ ರಜೆ.

ಕಳೆದ ವರ್ಷ ಪಿತ್ತಕೋಶದಲ್ಲಿ ಕಲ್ಲು ಎಂದು ಮೂಡುಬಿದಿರೆಯ ಆಸ್ಪತ್ರೆಗೆ ಸೇರಿದೆ. ಹೊಟ್ಟೆ ಕೊಯ್ಯುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ. ಹೊಟ್ಟೆಯಿಂದ ನಾನೇನೂ ಮಿಮಿಕ್ರಿ ಮಾಡುವುದಿಲ್ಲವಲ್ಲ. ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಅರಿವಳಿಕೆಯ ಡಾಕ್ಟರಮ್ಮ ಬಂದು, ಉಸಿರಾಟದ ಕೊಳವೆಯನ್ನು ಧ್ವನಿತಂತುಗಳ ನಡುವೆಯೇ ಇಳಿಸುತ್ತಾರೆಂದು ಹೇಳಿದಾಗ ಮಾತ್ರ ಬೆವರಿದೆ.

"ಕೊಳವೆ ತೆಗೆಯುವಾಗ ಅದರೊಟ್ಟಿಗೆ ನನ್ನ ಸ್ವರವೂ ಹೊರಗೆ ಬರ್ತದಾ ಡಾಕ್ಟ್ರೇ?" ಎಂದು ಕೇಳಿದೆ.

ಇವನು ಯಾವಾಗಲೂ ಹೀಗೇ, ಬೇಜಾರು ಮಾಡಬೇಡಿ ಎಂದು ಜೊತೆಗಿದ್ದ ಅಕ್ಕ ನನ್ನ ಪರವಾಗಿ ಕ್ಷಮೆ ಕೇಳಿದಳು. ಆದರೆ ದಾವಣಗೆರೆ ಕಡೆಯ ಆ ಡಾಕ್ಟರಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಎಚ್ಚರ ಆಗೋವಾಗ ಕೊಳವೆ ಇನ್ನೂ ಗಂಟಲಲ್ಲೇ ಇರಬಹುದು. ಮಾತು ಹೊರಡಲ್ಲ. ಸ್ವರ ಹೋಯ್ತು ಅಂದ್ಕೋಬೇಡಿ. ಉಸಿರು ಕೊಳವೆಯಿಂದ ಬರ್ತಾನೇ ಇರುತ್ತೆ. ನಾನು ನಿಮ್ಮ ತಲೆ ಹತ್ರಾನೇ ಇರ್ತೀನಿ."

ಆಮೇಲೆ, ಎಚ್ಚರವಾಗುವ ಹೊತ್ತಿಗೆ ಏನೇನು ಹೇಳುತ್ತೇನೆಂದು ಸಾಲಾಗಿ ಹೇಳಿದರು. ಕಣ್ಣು ಬಿಡಬೇಕು, ಅವರ ಕೈ ಒತ್ತಬೇಕು, ತಲೆ ಎತ್ತಬೇಕು, ಬಾಯಿ ತೆರೆದು ಉದ್ದಕ್ಕೆ ಉಸಿರು ಎಳೆಯಬೇಕು. ಅಷ್ಟಾದರೆ ಕೊಳವೆ ಹೊರಗೆ. ಗಂಟಲು ಒಂದೆರಡು ದಿನ ಕೆರೆಯಬಹುದು. ನಾಳೆಯೂ ಇದೇ ಮಾತು, ಇದೇ ಕ್ರಮ. ಆ ಹೊತ್ತಿಗೆ ಬೇರೆ ಯಾರೂ ಗದ್ದಲ ಮಾಡದ ಹಾಗೆ ನೋಡಿಕೊಳ್ಳುತ್ತೇನೆ ಎಂದರು.

ಪಕ್ಕದ ಮಂಚದಲ್ಲಿ ಕೊಕ್ಕಡದ ಒಬ್ಬರು ಹಿರಿಯರಿದ್ದರು. ರಬ್ಬರ್ ಕೃಷಿಕರು. ಅವರಿಗೂ ಕಲ್ಲೇ, ನನ್ನ ನಂತರ ಅವರ ಸರದಿ. ಘಟ್ಟದ ಮೇಲಿನ ಆ ಚುರುಕು ಕನ್ನಡ ಅವರಿಗೆ ಅರ್ಧ ದಕ್ಕಿತ್ತು. ಡಾಕ್ಟರಮ್ಮ ಆಚೆ ಹೋದದ್ದೇ ತಡ, ಡಾಕ್ಟರಮ್ಮನದೇ ಸ್ವರದಲ್ಲಿ ಎಲ್ಲವನ್ನೂ ಹಿರಿಯರಿಗೆ ತುಳುವಿನಲ್ಲಿ ಹೇಳಿದೆ. ಸ್ಟೂಲು ಎಳೆಯುವುದನ್ನೂ ಬಿಡಲಿಲ್ಲ. ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗಂಭೀರವಾದರು.

"ಇನ್ನೊಮ್ಮೆ ಹೇಳು ಮಾರಾಯ."

ಇನ್ನೊಮ್ಮೆ ಹೇಳಿದೆ. ಚಹಾ ಕುಡಿದ ಮೇಲೆ ಮತ್ತೊಮ್ಮೆ. ಅವರು ನನ್ನ ಕೈ ಒತ್ತಿ, ದಿಂಬಿನಿಂದ ತಲೆ ಎತ್ತಿ ಅಭ್ಯಾಸ ಮಾಡಿದರು. ಡಾಕ್ಟರಮ್ಮನನ್ನು ಹುಡುಕುತ್ತಿದ್ದ ನರ್ಸ್ ಒಬ್ಬರು ಸ್ವರ ಕೇಳಿ ಒಳಗೆ ಇಣುಕಿ, ನನ್ನನ್ನು ಕಂಡು ಹಣೆ ಚಚ್ಚಿಕೊಂಡರು.

ಮರುದಿನ ಎಚ್ಚರವಾದಾಗ ಗಂಟಲಲ್ಲಿ ಏನೋ ಅಡ್ಡ ಕೂತಿತ್ತು. ಅಕ್ಕನನ್ನು ಕರೆಯಲು ನೋಡಿದೆ. ಒಂದು ಅಕ್ಷರವೂ ಹೊರಡಲಿಲ್ಲ. ನನ್ನ ಕಥೆ ಮುಗಿಯಿತು, ಇನ್ನು ಬಸ್ಸಿನಲ್ಲಿ ಬರೀ ಸೀಟಿ ಊದುವುದೇ ಎಂದುಕೊಂಡೆ. ಕೊಳವೆ ಕೀಳಲು ಕೈ ಮೇಲೆದ್ದಿತು.

"ಕಣ್ಣು ಬಿಡಿ. ನಾನು ಇಲ್ಲೇ ಇದ್ದೀನಿ."

ಕೈ ಅಲ್ಲೇ ನಿಂತಿತು. ಡಾಕ್ಟರಮ್ಮನ ಸ್ವರ, ನಿನ್ನೆ ಮಾಡಿದ ನನ್ನದೇ ಐಟಂ. ಮುಂದಿನ ಸಾಲು ನನಗೆ ಬಾಯಿಪಾಠ. ಉಸಿರು ಕೊಳವೆಯಿಂದ ಬರುತ್ತದೆ ಎಂಬುದೂ ನೆನಪಾಯಿತು, ಹೌದು, ಬರುತ್ತಿತ್ತು. ಅವರು ಹೇಳುವ ಮೊದಲೇ ಕೈ ಒತ್ತಿದೆ, ತಲೆಯನ್ನೂ ಎತ್ತಿದೆ.

"ಸ್ವಲ್ಪ ತಡೀರಿ, ನಾನೂ ಹೇಳ್ಬೇಕಲ್ಲ," ಎಂದರು ಡಾಕ್ಟರಮ್ಮ.

ಬಾಯಿ ತೆರೆದು ಉಸಿರೆಳೆದೆ. ಏನೋ ಸರ್ರನೆ ಜಾರಿತು, ಕೆಮ್ಮು ಬಂತು, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಬಂತು. ಅಷ್ಟೆ.

ನನ್ನನ್ನು ವಾರ್ಡಿಗೆ ತರುವಾಗ ಬಾಗಿಲಲ್ಲೇ ಕೊಕ್ಕಡದವರ ಸ್ಟ್ರೆಚರ್ ಎದುರಾಯಿತು. ಬಿಳಿಚಿದ ಮುಖ. ಅವರು ನನ್ನ ಹೊಟ್ಟೆಯ ವಿಷಯ ಕೇಳಲೇ ಇಲ್ಲ.

"ಸ್ವರ ಉಂಟಾ?"

ಡಾಕ್ಟರಮ್ಮನ ಸ್ವರದಲ್ಲಿ ಉತ್ತರಿಸಬೇಕೆಂದಿದ್ದೆ. ಹೊರಟದ್ದು ಮಾತ್ರ ಎಣ್ಣೆ ಕಾಣದ ಗೇಟು ತೆರೆದ ಹಾಗೆ: "ಉಂಟು."

"ಇದು ಯಾರದ್ದು?"

"ನನ್ನದೇ."

ಅವರು ತಲೆಯನ್ನು ದಿಂಬಿಗೆ ಆನಿಸಿ, ಸ್ಟ್ರೆಚರ್ ತಳ್ಳುವವನಿಗೆ "ಹಾಗಾದ್ರೆ ಹೋಗುವ" ಎಂದರು.