ಮೂಡಲಗಿಯ ಮತಗಟ್ಟೆಯಲ್ಲಿ ಅಕ್ಕ ಹೇಳದ ಹೆಸರು

೧೯೩೭ರಲ್ಲಿ ನಾನು ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಕಿರಿಯ ಉಪನ್ಯಾಸಕನಾಗಿದ್ದೆ. ಆ ವರ್ಷದ ಫೆಬ್ರುವರಿಯಲ್ಲಿ ಮುಂಬಯಿ ಪ್ರಾಂತ್ಯದ ಶಾಸನಸಭೆಗೆ ಚುನಾವಣೆ ನಡೆಯಿತು. ಗೋಕಾಕ ಮತ್ತು ಹುಕ್ಕೇರಿ ತಾಲೂಕುಗಳ ಮತದಾರರು ಪಕ್ಷಗಳನ್ನು ಹೇಗೆ ಆರಿಸುತ್ತಾರೆ ಎಂಬುದು ನನ್ನ ಥೀಸಿಸ್ಸಿನ ವಿಷಯ. ಇದಕ್ಕೆ ಫೀಲ್ಡ್ ವರ್ಕ್ ಬೇಕೆಂದು ನನ್ನ ಮಾರ್ಗದರ್ಶಕರು ಹೇಳಿದ್ದರು. ಊರೂರು ಅಲೆದು, ಕಟ್ಟೆ ಕಟ್ಟೆಯ ಮೇಲೆ ಕುಳಿತು, ಜನ ಹೇಳಿದ್ದನ್ನು ಬರೆದುಕೊಳ್ಳುವುದಕ್ಕೆ ಅದು ದೊಡ್ಡ ಹೆಸರು, ಅಷ್ಟೆ. ನಾನು ಗೋಕಾಕದಲ್ಲೇ ಹುಟ್ಟಿದವನಾದ್ದರಿಂದ ಅಲೆಯಲು ಹಿಂಜರಿಕೆಯೇನೂ ಇರಲಿಲ್ಲ. ಆ ಭಾಗದಲ್ಲಿ ಸ್ಪರ್ಧೆ ಇದ್ದದ್ದು ಇಬ್ಬರ ನಡುವೆ. ಒಂದು ಕಡೆ ಖಾದಿಯವರು, ಇನ್ನೊಂದು ಕಡೆ ಜಮೀನುದಾರರು ನಿಲ್ಲಿಸಿದ ಅಭ್ಯರ್ಥಿ.

ಎಲ್ಲರಿಗೂ ಮತವಿದ್ದ ಕಾಲ ಅದಲ್ಲ. ಭೂಮಿ ಇದ್ದು ಕಂದಾಯ ಕಟ್ಟುವವರಿಗೆ, ಅಷ್ಟಿಷ್ಟು ಓದಿದವರಿಗೆ, ಅಂಥವರ ಹೆಂಡಂದಿರಲ್ಲಿ ಕೆಲವರಿಗೆ ಮಾತ್ರ ಇತ್ತು. ಹೆಣ್ಣುಮಕ್ಕಳು ಇಷ್ಟು ಸಂಖ್ಯೆಯಲ್ಲಿ ಪಟ್ಟಿಗೆ ಬಂದದ್ದು ಅದೇ ಮೊದಲು. ನನ್ನ ಆಸಕ್ತಿ ಇದ್ದದ್ದೂ ಅವರಲ್ಲೇ. ಅದಕ್ಕೆ ಕಾರಣ ಮೂಡಲಗಿಯಲ್ಲಿದ್ದ ನನ್ನ ಅಕ್ಕ ಶಿವಕ್ಕ.

ಮೂಡಲಗಿ ಆಗ ಗೋಕಾಕ ತಾಲೂಕಿನ ಒಂದು ಊರು, ಬೆಲ್ಲ ಮತ್ತು ಕಾಳುಕಡಿಯ ಪೇಟೆ. ಭಾವನವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊಲ ಅಕ್ಕನ ಹೆಸರಿಗೆ ಬಂದಿತ್ತು. ಬಿತ್ತನೆ, ಕಬ್ಬು, ಆಳುಕಾಳು ಎಲ್ಲವನ್ನೂ ಅವಳೇ ನೋಡುತ್ತಿದ್ದಳು. ಆದರೆ ಚಾವಡಿಯಲ್ಲಿ ಆಗಲಿ ಪೇಟೆಯಲ್ಲಿ ಆಗಲಿ ಅವಳ ಪರವಾಗಿ ಮಾತಾಡುವವನು ಮೈದುನ ರಾಚಪ್ಪ. ಅವಳು ಹತ್ತು ಮಾತು ಯೋಚಿಸಿ ಹೇಳಿ ಕಳಿಸಿದರೆ ಅವನು ತನಗೆ ಬೇಕಾದ ಎರಡನ್ನು ಅಲ್ಲಿ ಹೇಳಿ ಬರುತ್ತಿದ್ದ. ಹೀಗಾಗಿ ಮತದಾರರ ಚೀಟಿ ನೇರವಾಗಿ ತನ್ನ ಹೆಸರಿಗೆ ಬಂದಾಗ ಅಕ್ಕ ಅದನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದಳು.

“ಹೋಗಾಕ ಮನಸ್ಸೈತಿ. ಆದ್ರ ಅಲ್ಲಿ ಏನೇನ ಕೇಳತಾರೋ ಏನೋ” ಎಂದಳು.

ನಾನು ಕಾಯ್ದೆ ಓದಿದವನು. ಕ್ಲಾಸಿನಲ್ಲಿ ಹುಡುಗರಿಗೆ ಹೇಳುವ ಠೀವಿಯಲ್ಲೇ ಹೇಳಿದೆ: “ಅಕ್ಕಾ, ನೀ ಯಾರ ಮಗಳು, ಯಾರ ಹೇಂತಿ, ಯಾರ ಅತ್ತಿಗಿ ಅಂತ ಯಾರೂ ಕೇಳದ ಜಾಗಾ ಅಂದ್ರ ಅದೊಂದs. ಅಲ್ಲಿ ನೀ ಬರೇ ಶಿವಕ್ಕ.”

ಅವಳು ಆ ಮಾತನ್ನು ಎರಡು ಸಲ ಹೇಳಿಸಿದಳು. ಪುಸ್ತಕದ ಬದನೆಕಾಯಿಯನ್ನು ಅಷ್ಟು ಪ್ರೀತಿಯಿಂದ ಕೊಂಡವರನ್ನು ನಾನು ಮತ್ತೆ ಕಂಡಿಲ್ಲ.

ಮತದಾನದ ದಿನ ಊರ ಸಾಲೆಯ ಒಂದು ಕೋಣೆ ಹೆಣ್ಣುಮಕ್ಕಳಿಗೆ. ಮೂಲೆಯಲ್ಲಿ ಕುಳಿತು ನೋಡಲು ನಾನು ಮಾಮಲೇದಾರ ಕಚೇರಿಯಿಂದ ಪರವಾನಗಿ ಪಡೆದಿದ್ದೆ. ಒಳಗೆ ಬಾಯಿ ತೆರೆಯುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಪೋಲಿಂಗ್ ಆಫೀಸರ್ ಹುಕ್ಕೇರಿ ಕಡೆಯ ಗುರುನಾಥ ಮಾಸ್ತರರು, ನಗುಮೊಗದ ಒಳ್ಳೆಯ ಮನುಷ್ಯ. ಮೇಜಿನ ಎರಡೂ ಬದಿಗೆ ಪಕ್ಷಗಳ ಏಜೆಂಟರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬಂದರೆ ತಕರಾರು ತೆಗೆಯುವುದು ಅವರ ಕೆಲಸ. ಜಮೀನುದಾರರ ಕಡೆಯ ಏಜೆಂಟನಾಗಿ ಬಂದು ಕುಳಿತವನು ರಾಚಪ್ಪ.

ಮೊದಲ ಹೆಣ್ಣುಮಗಳಿಗೇ ಸಾಲು ನಿಂತಿತು. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ‘ಇಂಥವರ ಹೆಂಡತಿ’ ಎಂದು ಇತ್ತು. ಗುರುತಿಗಾಗಿ ಮಾಸ್ತರರು ಗಂಡನ ಹೆಸರು ಕೇಳಿದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಹೆಣ್ಣುಮಕ್ಕಳ ಒಲವು ಖಾದಿಯವರ ಕಡೆ ಇದೆ ಎಂದು ಊರೆಲ್ಲ ಸುದ್ದಿ ಇತ್ತು. “ಹೆಸರ ಅವರ ಬಾಯಿಂದನs ಬರಬೇಕ್ರಿ” ಎಂದು ರಾಚಪ್ಪ ಪಟ್ಟು ಹಿಡಿದ. ಹೊರಗೆ ಬಿಸಿಲು ಏರುತ್ತಿತ್ತು, ಒಬ್ಬಳೂ ಬಾಯಿ ಬಿಡಲೊಲ್ಲಳು.

ಮಾಸ್ತರರೇ ದಾರಿ ಕಂಡುಹಿಡಿದರು. “ಒಡಪು ಹಾಕಿ ಹೇಳ್ರೆವಾ. ಮದುವ್ಯಾಗ ಹೇಳೂದಿಲ್ಲೇನ?” ಎಂದರು.

ಒಡಪು ಎಂದರೆ ಎರಡು ಸಾಲಿನ ಪ್ರಾಸದ ಪದ. ಮದುವೆ, ಸೀಮಂತದಲ್ಲಿ ಹೆಂಡತಿ ಗಂಡನ ಹೆಸರನ್ನು ಅದರಲ್ಲಿ ಸೇರಿಸಿ ಹೇಳಿದರೆ ತಪ್ಪಿಲ್ಲ. ಮುಂದೆ ನಿಂತಿದ್ದ ಹೊಸ ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಹಿಂದಿನವರು ತಿವಿದರು. ಕೊನೆಗೆ ಹೇಳಿದಳು:

“ಬೆಲ್ಲದ ಪೆಂಟಿ ಮ್ಯಾಲ ಉದುರಸೇನಿ ಎಳ್ಳ,
ಮಲ್ಲಪ್ಪನವರ ಹೆಸರ ಹೇಳಾಕ ನಾಚಿಕಿ ನನಗಿಲ್ಲ.”

ಕೋಣೆಯೆಲ್ಲ ನಕ್ಕಿತು. ರಾಚಪ್ಪನೂ ನಕ್ಕ. ಅಲ್ಲಿಂದ ಸಾಲು ಸರಸರ ಸಾಗಿತು. ಒಬ್ಬಳಿಗಿಂತ ಒಬ್ಬಳ ಒಡಪು ಮೇಲು. ಸಾಲೆ ಮದುವೆ ಮನೆಯಾಗಿತ್ತು. ನಾನು ಮೂಲೆಯಲ್ಲಿ ಕುಳಿತು ಹಿಗ್ಗಿ ಹೀರೇಕಾಯಿಯಾಗಿದ್ದೆ. ಹಳೆಯ ಪದ್ಧತಿ ಹೊಸ ಕಾಯ್ದೆಯ ಕೈ ಹಿಡಿದು ನಡೆಸಿತು ಎಂಬ ವಾಕ್ಯ ಆಗಲೇ ತಲೆಯಲ್ಲಿ ಸಿದ್ಧವಾಗಿತ್ತು.

ಆಗ ಅಕ್ಕ ಬಂದಳು. ಭಾವನವರು ಹೋದ ಮೇಲೆ ಪೆಟ್ಟಿಗೆಯಿಂದ ತೆಗೆಯದಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಹಣೆಯಲ್ಲಿ ವಿಭೂತಿ ಮಾತ್ರ. ಮಾಸ್ತರರು ಪಟ್ಟಿಯಲ್ಲಿ ಮುಖ ಹುದುಗಿಸಿದ್ದರು. ತಲೆ ಎತ್ತದೆ, ಅದೇ ನಗುವಿನಲ್ಲಿ, “ಹೂಂ, ನಿಮ್ಮದೊಂದು ಒಡಪು ಬರಲಿ” ಎಂದರು.

ನಗು ನಿಂತಿತು. ಒಡಪು ಮುತ್ತೈದೆಯರು ಹೇಳುವಂಥದು. ನಾನೂ ಅಲ್ಲೇ ಹುಟ್ಟಿ ಬೆಳೆದವನು. ಬೆಳಗಿನಿಂದ ನಗುತ್ತ ಕುಳಿತವನಿಗೆ ಈ ಸಾಲಿನಲ್ಲಿ ವಿಧವೆಯರೂ ಇದ್ದಾರು ಎಂದು ಹೊಳೆದಿರಲಿಲ್ಲ.

“ನಾ ಶಿವಕ್ಕ” ಎಂದಳು ಅಕ್ಕ. “ಹೊಲಾ ನನ್ನ ಹೆಸರಲೆ ಐತಿ. ಚೀಟಿನೂ ನನ್ನ ಹೆಸರಲೆ ಬಂದೈತಿ.”

ಮಾಸ್ತರರು ತಲೆ ಎತ್ತಿ ಅವಳ ಹಣೆ ನೋಡಿದರು, ಮುಖ ಕಪ್ಪಿಟ್ಟಿತು. “ತಪ್ಪಾತ್ರೆವಾ, ನೋಡಲಿಲ್ಲ. ನೀವು ಹೋಗ್ರಿ ಒಳಗ” ಎಂದು ಪರದೆಯ ಕಡೆ ಕೈ ತೋರಿಸಿದರು.

“ಹಂಗ ಹೆಂಗ್ರಿ? ಎಲ್ಲಾರೂ ಹೇಳ್ಯಾರ. ಇವರೂ ಹೇಳಲಿ” ಎಂದ ರಾಚಪ್ಪ, ಗೋಡೆ ನೋಡುತ್ತ. ಕೇಳುತ್ತಿದ್ದದ್ದು ಸತ್ತುಹೋದ ತನ್ನ ಒಡಹುಟ್ಟಿದ ಅಣ್ಣನ ಹೆಸರನ್ನು.

ಸಾಲಿನಲ್ಲಿದ್ದ ಒಬ್ಬ ಮುದುಕಿ ಸುಮ್ಮನಿರಲಿಲ್ಲ. “ಕೈಯಾಗ ಬೆಣ್ಣಿ ಹಿಡಕೊಂಡು ತುಪ್ಪಕ್ಕ ಊರೆಲ್ಲಾ ತಿರಗತಾನ ನೋಡ ಇಂವಾ. ನಿಮ್ಮ ಅತ್ತಿಗಿ ಗುರ್ತಾ ನಿನಗಿಲ್ಲೇನೋ?” ಎಂದಳು.

ನಾನು ಎದ್ದು ನಿಂತೆ. “ಇವರು ನನ್ನ ಅಕ್ಕ, ನಾ ಗುರ್ತಾ ಹೇಳತೇನಿ” ಎಂದೆ.

ರಾಚಪ್ಪ ಅದಕ್ಕೇ ಕಾದಿದ್ದನೋ ಏನೋ. “ಮಾಸ್ತರ, ಇವರು ಬಾಯಿ ತಗ್ಯೂದಿಲ್ಲಂತ ಬರದು ಕೊಟ್ಟಾರ. ಹೊರಗಿನವರು ನಡುವ ಬಂದ್ರು ಅಂತ ನಾ ಅರ್ಜಿ ಹಾಕತೇನಿ. ಇಲ್ಲಿತನಾ ಹಾಕಿದ ಹೆಣ್ಣಮಕ್ಕಳ ಮತಾನೂ ಕೆಡತಾವ, ನೋಡಕೋರಿ” ಎಂದ.

ಮಾಸ್ತರರ ಕೈಯಲ್ಲಿ ಅಧಿಕಾರವಿತ್ತು. ಆದರೆ ಅರ್ಜಿ ಎಂಬ ಮಾತಿಗೆ ಅವರ ಕೈ ಅಲ್ಲೇ ನಿಂತಿತು. “ಸರ, ನೀವು ಕೂಡ್ರಿ” ಎಂದು ನನಗೆ ಬಹಳ ಮೆತ್ತಗೆ ಹೇಳಿದರು. ಬೆಳಗಿನಿಂದ ಬಿದ್ದ ಮತಗಳೆಲ್ಲ ನನ್ನಿಂದ ಕೆಡುವುದು ಬೇಡವೆಂದು ನಾನು ಕುಳಿತೆ. ಕಾರಣ ಸರಿಯಾದದ್ದೇ. ಆದರೂ ಅಕ್ಕನ ಕಣ್ಣೆದುರು ಹಾಗೆ ಕುಳಿತಾಗ ಆದ ನಾಚಿಕೆ ಆ ಕಾರಣದಿಂದ ಏನೂ ಕಡಿಮೆಯಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದೆ, ಆ ದಿನ ಅದರ ಅರ್ಥ ತಿಳಿಯಿತು.

ಅಕ್ಕ ರಾಚಪ್ಪನ ಕಡೆ ತಿರುಗಿದಳು. “ರಾಚಪ್ಪಾ, ನೀನs ಹೇಳಪಾ. ನಿಮ್ಮ ಅಣ್ಣನ ಹೆಸರ. ನಿನಗೇನ ಅಡ್ಡಿ ಇಲ್ಲಲ್ಲ” ಎಂದಳು.

ಹೆಸರು ರಾಚಪ್ಪನ ಬಾಯಿತನಕ ಬಂದಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ. ಹೇಳಿದರೆ ಅವನೇ ಗುರುತು ಹಿಡಿದಂತೆ. ಅವನು ಪಟ್ಟಿ ನೋಡುತ್ತ ಕುಳಿತ. ಅಕ್ಕ ಕಾದಳು. ಆಮೇಲೆ ಚೀಟಿಯನ್ನು ಮೇಜಿನ ಮೇಲೆ ಇಟ್ಟು, “ಇದನ್ನ ನೀವs ಇಟಗೊಳ್ರಿ ಮಾಸ್ತರ. ಇದು ನನ್ನದಲ್ಲ ಅಂತ ಕಾಣತೈತಿ” ಎಂದು ಹೊರಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಅವಳ ನಂತರ ಬಂದ ಯಾರನ್ನೂ ಮಾಸ್ತರರು ಗಂಡನ ಹೆಸರು ಕೇಳಲಿಲ್ಲ. ರಾಚಪ್ಪನೂ ತಕರಾರು ತೆಗೆಯಲಿಲ್ಲ. ಸಂಜೆಯವರೆಗೆ ಆ ಕೋಣೆಯಲ್ಲಿ ಎಲ್ಲವೂ ನಾನು ಅಕ್ಕನಿಗೆ ಹೇಳಿದಂತೆಯೇ ನಡೆಯಿತು.

ಮರುದಿನ ಅವಳ ಮನೆಗೆ ಹೋದೆ. ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎದ್ದು ಕೈ ತೊಳೆದು ರೊಟ್ಟಿ ಬಡಿಸಿದಳು.

“ಯಾಕ ಮಾರಿ ಸಣ್ಣ ಮಾಡಿ? ಉಣ್ಣು” ಎಂದಳು. ಇನ್ನೊಂದು ರೊಟ್ಟಿ ಹಾಕುತ್ತ, “ನೀ ಓದಿದ್ದು ಖರೆನs ಇರಬೇಕು. ಆ ಪುಸ್ತಕಾ ಬರದವರು ನಮ್ಮ ಸಾಲಿಗೆ ಬಂದಿದ್ದಿಲ್ಲ, ಅಷ್ಟs” ಎಂದಳು. ಬೈದಿದ್ದರೆ ರೊಟ್ಟಿ ಇಳಿಯುತ್ತಿತ್ತು.

ಥೀಸಿಸ್ಸಿನಲ್ಲಿ ಒಡಪಿನ ಸಂಗತಿಯನ್ನೂ ಅಕ್ಕ ಮರಳಿ ಹೋದ ಸಂಗತಿಯನ್ನೂ ಬರೆದೆ. ಮಾರ್ಗದರ್ಶಕರಿಗೆ ಒಡಪು ಬಹಳ ಹಿಡಿಸಿತು. ಅಕ್ಕನ ಭಾಗಕ್ಕೆ ಗೀಟು ಎಳೆದು, ಒಬ್ಬಳ ಪ್ರಸಂಗ ಸಾಕ್ಷ್ಯವಾಗುವುದಿಲ್ಲ ಎಂದರು. ಒಡಪು ಕೂಡ ಒಂದೇ ಮತಗಟ್ಟೆಯದು ಎಂದು ನಾನು ವಾದಿಸಿ ನೋಡಿದೆ, ನಡೆಯಲಿಲ್ಲ. ಹೀಗೆ ಮತ ಹಾಕದೆ ಉಳಿದವರ ಲೆಕ್ಕದಲ್ಲಿ ಅಕ್ಕ ಸೇರಿಹೋದಳು. ಆ ಲೆಕ್ಕಕ್ಕೆ ನಮ್ಮ ಶಾಸ್ತ್ರದಲ್ಲಿ ‘ನಿರಾಸಕ್ತಿ’ ಎಂದು ಹೆಸರು. ಆ ಸೀರೆ, ಆ ದೇವರ ಜಗಲಿ ನೆನಪಾದಾಗಲೆಲ್ಲ ನನ್ನ ಹೆಸರಿನ ಮುಂದೆ ಇರುವ ಪದವಿ ಚುಚ್ಚುತ್ತದೆ. ಮುಂದೆ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು ತಪ್ಪದೆ ಹೇಳುತ್ತ ಬಂದೆ: ಬಂದವರನ್ನು ಎಣಿಸುವುದು ಸುಲಭ, ಬಾರದವರ ಮನೆಗೆ ಒಮ್ಮೆ ಹೋಗಿ ಬನ್ನಿ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಕಲಿಸಿದ್ದನ್ನು ನಾನೇ ಎಷ್ಟು ಪಾಲಿಸಿದೆ ಎಂಬುದು ಬೇರೆ ಮಾತು.

೧೯೪೬ರಲ್ಲಿ ಮತ್ತೆ ಚುನಾವಣೆ ಬಂತು. ಮತದಾನದ ಬೆಳಿಗ್ಗೆ ನಾನು ಮೂಡಲಗಿಯಲ್ಲಿದ್ದೆ. ಅಕ್ಕನನ್ನು ಕರೆದೆ.

“ಈ ಸಲ ಯಾರ ಹೆಸರ ಕೇಳತಾರ?” ಎಂದಳು.

ಹಿಂದಿನ ಠೀವಿ ಉಳಿದಿರಲಿಲ್ಲ. “ನೋಡಿ ಬರತೇನಿ ಅಕ್ಕಾ” ಎಂದೆ.

ಅದೇ ಸಾಲೆ. ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಮೇಜಿನ ಹಿಂದೆ ಹೊಸ ತರುಣನೊಬ್ಬ ಕುಳಿತಿದ್ದ. “ನಿಮ್ಮ ಯಜಮಾನ್ರ ಹೆಸರೇನ್ರಿ?” ಎಂದು ಪ್ರತಿಯೊಬ್ಬರನ್ನೂ ವಿನಯದಿಂದಲೇ ಕೇಳುತ್ತಿದ್ದ. ಅಲ್ಲಿಂದ ಅಕ್ಕನ ಮನೆ ಕೂಗಳತೆಯ ದೂರ. ಆ ಉತ್ತರ ತೆಗೆದುಕೊಂಡು ಅವಳ ಮುಂದೆ ನಿಲ್ಲುವ ಮುಖ ನನಗಿರಲಿಲ್ಲ. ಗೋಕಾಕದ ಬಸ್ಸು ಹತ್ತಿದೆ.

ಮುಂದೆ ಒಂದು ದಿನ ಗೋಕಾಕದ ಪೇಟೆಯಲ್ಲಿ ರಾಚಪ್ಪ ಸಿಕ್ಕ. ತಲೆ ನರೆತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. ಹೊರಡುವಾಗ ಅವನೇ ಹೇಳಿದ.

“ಅವತ್ತ, ಎರಡನೇ ಸಲದ ಚುನಾವಣಿ ದಿನಾ, ಅತ್ತಿಗಿ ಇಳಕಲ್ ಸೀರಿ ಉಟಗೊಂಡು ಮನಿ ಕಟ್ಟಿ ಮ್ಯಾಲ ಕುಂತಿದ್ರರಿ, ಸಾಲಿ ಬಾಗಲಾ ಹಾಕೂತನಾ. ನಡೀರಿ, ನಾ ಕರಕೊಂಡು ಹೋಗತೇನಿ, ನಾನs ಹೆಸರ ಹೇಳತೇನಿ ಅಂದೆ. ಬ್ಯಾಡಪಾ, ನಮ್ಮ ತಮ್ಮ ನೋಡಿ ಬರತೇನಿ ಅಂದಾನ ಅಂದ್ರು.”