ಟಕಟಕ ಅಣ್ಣನ ಕಿವಿ

ಅವರಿಗೊಂದು ಹೆಸರಿತ್ತು. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಾರ್ಖಾನೆಯ ಚಿಮಣಿ, ನೀರಿನ ಟ್ಯಾಂಕು, ಮೊಬೈಲ್ ಟವರು ಹತ್ತುವವರ ಗುಂಪಿನಲ್ಲಿ ಅವರು ಟಕಟಕ ಅಣ್ಣ. ಕೈಯಲ್ಲಿ ಸದಾ ಒಂದು ಪುಟ್ಟ ಸುತ್ತಿಗೆ. ಇಟ್ಟಿಗೆಯ ಮೇಲೆ ಕಾಲಿಡುವ ಮೊದಲು ಎರಡು ಸಲ ತಟ್ಟಿ, ತಲೆ ವಾಲಿಸಿ, ಸದ್ದು ಕೇಳುವರು. ಗಟ್ಟಿ ಇಟ್ಟಿಗೆ ಒಂದು ತರಹ ಮಾತಾಡುತ್ತದೆ, ಪೊಳ್ಳು ಇಟ್ಟಿಗೆ ಇನ್ನೊಂದು ತರಹ ಎನ್ನುತ್ತಿದ್ದರು. ಕೂರುವ ಮುಂಚೆ ಕುರ್ಚಿ ತಟ್ಟುವರು, ಕೊಳ್ಳುವ ಮುಂಚೆ ಕೊಡ ತಟ್ಟುವರು. "ಮದುವೆಗೆ ಮುಂಚೆ ನಮ್ಮ ಮನೆಗೆ ಬಂದಾಗ ಮೊದಲು ಕಂಬ ತಟ್ಟಿ ನೋಡಿದ್ರು. ಕಂಬ ಗಟ್ಟಿ ಇತ್ತು ಅಂತಾನೇ ನನ್ನ ಒಪ್ಪಿರಬೇಕು" ಎಂದು ಅತ್ತಿಗೆ ಹೇಳಿ ನಗಿಸುತ್ತಿದ್ದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ, ಆ ಮನುಷ್ಯ ಸುತ್ತಿಗೆಯಲ್ಲಿ ಹೇಳುತ್ತಿದ್ದರು.

ಅಂಥವರ ಹೊಟ್ಟೆಯ ಮೇಲೆ ಹೊಡೆಯಲು ಬಂದವಳು ನಾನು. ಹಾಗೆಂದು ನಾನಲ್ಲ, ಸೊಂಟಕ್ಕೆ ಹಗ್ಗ ಕಟ್ಟಿ ಹತ್ತುವ ಉಳಿದ ಹಗ್ಗದವರು ಹೇಳಿದ್ದು. ನನ್ನ ಕಸುಬು ಡ್ರೋನ್ ಹಾರಿಸುವುದು. ಶುರುವಿನಲ್ಲಿ ಮದುವೆ ಮನೆಗಳ ಮೇಲೆ ಹಾರಿಸಿ, ಮೇಲಿನಿಂದ ಜನರ ಬೋಳುತಲೆ ಚಿತ್ರೀಕರಿಸಿ ಬೈಸಿಕೊಂಡೆ. ಆಮೇಲೆ ಲೈಸೆನ್ಸ್ ಪಡೆದು ಹೊಲಕ್ಕೆ ಔಷಧಿ ಸಿಂಪಡಿಸಿದೆ, ಸೋಲಾರ್ ಹಲಗೆಗಳಲ್ಲಿ ಯಾವುದು ಸುಟ್ಟಿದೆ ಎಂದು ಶಾಖದ ಕ್ಯಾಮೆರಾದಲ್ಲಿ ಹುಡುಕಿದೆ. ಕೊನೆಗೆ ಎತ್ತರದ ಕಟ್ಟಡಗಳನ್ನು ತಪಾಸಣೆ ಮಾಡುವ ಒಂದು ಸಣ್ಣ ಕಂಪನಿ ಸೇರಿದೆ. ನಾಲ್ಕು ಜನ ನಾಲ್ಕು ದಿನ ಹಗ್ಗದಲ್ಲಿ ನೇತಾಡಿ ನೋಡುವುದನ್ನು ನನ್ನ ಯಂತ್ರ ಒಂದು ಬೆಳಗ್ಗೆ ನೋಡಿ ಮುಗಿಸುತ್ತಿತ್ತು. ಹಗ್ಗದವರು ಮುಖ ತಿರುಗಿಸದೆ ಇನ್ನೇನು ಮಾಡಿಯಾರು?

ಟಕಟಕ ಅಣ್ಣ ಮಾತ್ರ ಮೊದಲ ದಿನವೇ ನನ್ನ ಭಾರದ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ನಡೆದರು. "ನೋಡೋದು ಅದು ನೋಡ್ಲಿ ತಂಗೀ, ಮಾಡೋದು ನಾವು ಮಾಡ್ತೀವಿ. ಅದಕ್ಕೆ ಸಿಮೆಂಟು ಮೆತ್ತೋಕೆ ಬರುತ್ತಾ?" ಎಂದರು. ಎಲ್ಲಿ ನೋಡಬೇಕೆಂದು ನನಗೆ ಕಲಿಸಿದ್ದೂ ಅವರೇ. ಬಿಸಿಲು ಬೀಳದ ಮಗ್ಗುಲಿನಲ್ಲಿ ತೇವ ಆರುವುದಿಲ್ಲ, ಗಾರೆ ಅಲ್ಲೇ ಮೊದಲು ಸಾಯುತ್ತದೆ. "ಮೂರು ಕಡೆ ಕಣ್ಣು ಮುಚ್ಚಿದ್ರೂ ನೆರಳಿನ ಕಡೆ ಮುಚ್ಚಬೇಡ." ಈ ಮಾತನ್ನು ನಾನು ನನ್ನ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಬರೆದಿಟ್ಟುಕೊಂಡು ಏನು ಬಂತು?

ಆ ಹಳೆಯ ಇಟ್ಟಿಗೆ ಚಿಮಣಿಗೆ ನಾಲ್ಕು ಮಗ್ಗುಲು. ಕಬ್ಬಿಣದ ಮೆಟ್ಟಿಲುಗಳನ್ನು ಇಟ್ಟಿಗೆಯೊಳಗೆ ನೆಟ್ಟಿದ್ದದ್ದು ನೆರಳಿನ ಮಗ್ಗುಲಿನಲ್ಲೇ. ನಾನು ತಪಾಸಣೆಗೆ ಹೋದ ದಿನ ಪೆಟ್ಟಿಗೆಯಲ್ಲಿ ನಾಲ್ಕು ಬ್ಯಾಟರಿಗಳಿದ್ದವು, ಮಗ್ಗುಲಿಗೊಂದರಂತೆ. ಮೂರು ಮುಗಿಸುವ ಹೊತ್ತಿಗೆ ಕಾರ್ಖಾನೆಯ ಮ್ಯಾನೇಜರು ಬಂದು, "ಇದರಲ್ಲಿ ನಮ್ಮ ಕಾರ್ಖಾನೆ ಪೂರ್ತಿ ಕಾಣೋ ಹಾಗೆ ಒಂದು ವಿಡಿಯೋ ತೆಗೆದುಕೊಡಿ ಮೇಡಂ, ಆಫೀಸಲ್ಲಿ ಹಾಕ್ತೀವಿ" ಎಂದರು. ಇಲ್ಲ ಎನ್ನಬಹುದಿತ್ತು. ಮೇಡಂ ಎಂದರಲ್ಲ, ಉಬ್ಬಿಹೋದೆ. ಒಂದು ಸುತ್ತಲ್ಲ, ಮೂರು ಸುತ್ತು ಹಾರಿಸಿದೆ. ಕೆಲಸಗಾರರು ಚಪ್ಪಾಳೆ ತಟ್ಟಿದರು. ನಾಲ್ಕನೆಯ ಬ್ಯಾಟರಿ ಬರಿದಾಯಿತು, ನೆರಳಿನ ಮಗ್ಗುಲು ಉಳಿದೇಹೋಯಿತು.

ಚಾರ್ಜ್ ಮಾಡಿಕೊಂಡು ಮಾರನೆಯ ದಿನ ಬರಬೇಕಿತ್ತು. ಮಾರನೆಯ ದಿನ ಬೇರೆ ಊರಿನ ಕೆಲಸವಿತ್ತು. ಹಿಂದಿನ ವರ್ಷದ ತಪಾಸಣೆ ಮಾಡಿದವಳೂ ನಾನೇ, ಆ ಚಿತ್ರಗಳು ನನ್ನ ಬಳಿಯೇ ಇದ್ದವು. ನೆರಳಿನ ಮಗ್ಗುಲಿನ ಹಳೆಯ ಚಿತ್ರಗಳನ್ನು ಎತ್ತಿ ಹೊಸ ವರದಿಯಲ್ಲಿ ಕೂರಿಸಿದೆ. ಕೆಳಗಿನ ತಾರೀಕು ಕಾಣದಂತೆ ಅಂಚು ಕತ್ತರಿಸಿದೆ. ಒಂದು ವರ್ಷದಲ್ಲಿ ಇಟ್ಟಿಗೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ನಾಲ್ಕೂ ಮಗ್ಗುಲಿಗೆ ಸುರಕ್ಷಿತ ಎಂಬ ಹಸಿರು ಗುರುತು ಹಾಕಿದೆ. ನನ್ನ ಕಸುಬಿನವರು ಹೀಗೆ ಮಾಡುವುದುಂಟು ಎಂದು ನನಗೆ ಗೊತ್ತು. ಗೊತ್ತಿದ್ದರೆ ಪಾಪ ಕಡಿಮೆಯಾಗುವುದಿಲ್ಲ.

ಅದಾದ ಒಂದು ತಿಂಗಳಿಗೆ ಟಕಟಕ ಅಣ್ಣನನ್ನು ಅದೇ ಚಿಮಣಿಗೆ ಕಳಿಸಿದರು, ತುದಿಯಲ್ಲಿದ್ದ ಸಿಡಿಲು ತಡೆಯುವ ತಂತಿ ಬದಲಿಸಲು. ನಾನು ಇನ್ನೊಂದು ಊರಿನಲ್ಲಿ ಟವರೊಂದರ ಕೆಳಗೆ ಡ್ರೋನಿನ ರೆಕ್ಕೆ ಒರೆಸುತ್ತಿದ್ದೆ. ಫೋನ್ ಬಂತು. ಗಾಳಿಯ ಸದ್ದಿನ ನಡುವೆ ಅವರ ದನಿ.

"ತಂಗೀ, ಅರ್ಧ ಹತ್ತಿದ್ದೀನಿ. ಇಲ್ಲೊಂದು ಮೆಟ್ಟಿಲ ಹತ್ರ ಪೊಳ್ಳು ಸದ್ದು ಬಂದ ಹಾಗಾಯ್ತು. ನಿನ್ನ ವರದೀಲಿ ಎಲ್ಲಾ ಹಸಿರು ಅಂತಿದ್ದಾರೆ. ನೀನು ಚೆನ್ನಾಗಿ ನೋಡಿದ್ದೀಯಲ್ಲ?"

ಅವರು ನನ್ನನ್ನು ನಂಬಿ ನಡು ಆಕಾಶದಲ್ಲಿ ನಿಂತಿದ್ದರು. ಇಲ್ಲಿ ನನ್ನ ಪಕ್ಕದಲ್ಲಿ ನನ್ನ ಮೇಲಧಿಕಾರಿ ನಿಂತಿದ್ದರು. "ಹೂಂ ಅಣ್ಣಾ, ನೋಡಿದ್ದೀನಿ, ಚೆನ್ನಾಗಿದೆ" ಎಂದೆ.

"ಹಾಗಾದ್ರೆ ನನ್ನ ಕಿವಿಗೇ ವಯಸ್ಸಾಯ್ತು ಬಿಡು" ಎಂದು ನಕ್ಕು ಫೋನ್ ಇಟ್ಟರು.

ಮೆಟ್ಟಿಲು ಇಟ್ಟಿಗೆ ಸಮೇತ ಕಿತ್ತು ಬಂತು. ಸೊಂಟದ ಹಗ್ಗ ಜೀವ ಉಳಿಸಿತು, ಆದರೆ ದೇಹ ತೂಗಿ ಹೋಗಿ ಗೋಡೆಗೆ ಬಡಿಯಿತು. ಬಲಗಾಲು ಎರಡು ಕಡೆ ಮುರಿಯಿತು, ಮಂಡಿ ನುಚ್ಚಾಯಿತು. ಇನ್ನು ಹತ್ತುವ ಮಾತಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಗೆ ಹೋದಾಗಲೆಲ್ಲ ಹಣ್ಣು ತೆಗೆದುಕೊಂಡು ಹೋದೆ. ಅತ್ತಿಗೆ ಮನೆಯಲ್ಲಿಲ್ಲದ ದಿನ ಅವರ ಮನೆಗೆ ಹೋಗಿ ನೀರು ತುಂಬಿಟ್ಟು ಬಂದೆ. "ಒಡಹುಟ್ಟಿದವರೂ ಇಷ್ಟು ಮಾಡಲ್ಲಮ್ಮಾ" ಎಂದು ಅತ್ತಿಗೆ ನನ್ನ ಕೈ ಹಿಡಿದಾಗ ಆ ಕೈಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಗೆ ನಾವು ನಗುತ್ತೇವೆ. ನಾನು ಆ ತಿಂಗಳೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೆ. ಯಾರಾದರೂ ವರದಿ ಎಂದರೆ ಸಾಕು, ಎದ್ದು ಆಚೆ ಹೋಗುತ್ತಿದ್ದೆ. ಹಾಗೆಂದು ಬಾಯಿ ಬಿಟ್ಟೆನೇ? ಇಲ್ಲ. ಹಣ್ಣು ಕೊಂಡೊಯ್ಯುವುದು ಸುಲಭ.

ಅವರು ಮನೆಗೆ ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ಫೋನ್ ಮಾಡಿ ಕರೆದರು. "ಬರುವಾಗ ನಿನ್ನ ಆ ಹಲಗೆ ತಗೊಂಡು ಬಾ, ಚಿತ್ರ ತೋರಿಸೋದು."

ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಕಬ್ಬಿಣದ ಮಂಚ, ಅದರ ಮೇಲೆ ದಿಂಬಿಗೊರಗಿ ಅಣ್ಣ, ಕಾಲಿಗೆ ಬಿಳಿ ಕಟ್ಟು. ಸುತ್ತಿಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮಂಚದ ಮೇಲೊಂದು ಕಾಗದ. ಅತ್ತಿಗೆ ಒಲೆಯ ಮುಂದೆ ಚಹಾ ಸೋಸುತ್ತಿದ್ದರು.

"ಸೋಮವಾರ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಬರ್ತಾರೆ. ಇದಕ್ಕೆ ಸಹಿ ಹಾಕಬೇಕಂತೆ" ಎಂದರು ಅಣ್ಣ. ಓದಿದೆ. 'ಮೆಟ್ಟಿಲು ಗಟ್ಟಿಯಾಗಿತ್ತು, ನಾನೇ ಅಜಾಗರೂಕತೆಯಿಂದ ಓರೆಯಾಗಿ ಭಾರ ಹಾಕಿದೆ' ಎಂದು ಅದರಲ್ಲಿ ಅಣ್ಣನ ಹೆಸರಿನಲ್ಲಿ ಬರೆದಿತ್ತು. ಹೊಸ ಹಗ್ಗದವರಿಗೆ ಕೆಲಸ ಕಲಿಸುವ ಶಾಲೆಯೊಂದು ಅಣ್ಣನನ್ನು ಮೇಷ್ಟರಾಗಿ ಬನ್ನಿ ಎಂದು ಕರೆದಿತ್ತು. ಕುಳಿತು ಮಾಡುವ ಕೆಲಸ. ಮುರಿದ ಕಾಲಿನವರಿಗೆ ಅದೊಂದೇ ದಾರಿ. ಈ ಕಾಗದಕ್ಕೆ ಸಹಿ ಬಿದ್ದರೆ ಅಜಾಗರೂಕತೆಯಿಂದ ಬಿದ್ದವನನ್ನು ಅವರು ಮೇಷ್ಟರು ಮಾಡುತ್ತಾರೆಯೇ?

"ಹಾಕ್ತೀರಾ ಅಣ್ಣಾ?"

"ಅದಕ್ಕೇ ನಿನ್ನ ಕರೆದಿದ್ದು. ಆ ಮೆಟ್ಟಿಲು ತೋರಿಸು, ಒಂದು ಸಲ ನೋಡ್ತೀನಿ."

ತೋರಿಸಿದೆ. ಟ್ಯಾಬ್ಲೆಟ್ಟನ್ನು ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಮಗೇ ನಗು ಬಂದು ನಿಲ್ಲಿಸಿದರು. ಆಮೇಲೆ ನಗು ಇಳಿಯಿತು.

"ಗಾರೆ ಕಲ್ಲಿನ ಹಾಗಿದೆ. ಒಂದು ತಿಂಗಳಲ್ಲಿ ಇದು ಕೊಳೆಯುತ್ತಾ? ಇಲ್ಲ. ನಾನೇ ಎಲ್ಲೋ ಕಾಲು ಓರೆ ಇಟ್ಟಿದ್ದೀನಿ. ಇಲ್ಲದ ಸದ್ದು ಕೇಳಿ ಹೆದರಿಕೊಂಡೆ, ಓರೆ ಭಾರಕ್ಕೆ ಮೆಟ್ಟಿಲು ಕಿತ್ತು ಬಂತು" ಎಂದರು. ಕನ್ನಡಕ ತೆಗೆದು ಹೊದಿಕೆಯ ಮೇಲಿಟ್ಟರು. "ಮೂವತ್ತು ವರ್ಷ ಈ ಕಿವಿ ನಂಬಿಕೊಂಡು ಬದುಕಿದೆ. ಅದೇ ಕೈಕೊಡ್ತು ಅಂದ್ರೆ ಹುಡುಗರಿಗೆ ನಾನೇನು ಕಲಿಸ್ಲಿ? ಪೆನ್ನು ಕೊಡು ತಂಗೀ. ಸೋಮವಾರದವರೆಗೆ ಯಾಕೆ, ಈಗಲೇ ಹಾಕಿಬಿಡ್ತೀನಿ."

ಪೆನ್ನು ನನ್ನ ಜೇಬಿನಲ್ಲೇ ಇತ್ತು.

"ಅಣ್ಣಾ, ಆ ಚಿತ್ರ ಹೋದ ವರ್ಷದ್ದು" ಎಂದೆ.

ಅವರು ಕೈ ಚಾಚಿಕೊಂಡೇ ಇದ್ದರು. ನಾನು ನಿಲ್ಲಿಸದೆ ಹೇಳಿದೆ. ಬ್ಯಾಟರಿ, ಮ್ಯಾನೇಜರ ವಿಡಿಯೋ, ಮೂರು ಸುತ್ತು, ಕತ್ತರಿಸಿದ ತಾರೀಕು. "ಈ ವರ್ಷ ನೆರಳಿನ ಕಡೆ ನಾನು ನೋಡ್ಲೇ ಇಲ್ಲ ಅಣ್ಣಾ. ನೀವು ಫೋನ್ ಮಾಡಿದಾಗ ಸುಳ್ಳು ಹೇಳಿದೆ. ನಿಮ್ಮ ಕಾಲು ಮುರಿದಿದ್ದು ನನ್ನಿಂದ."

ಕೋಣೆಯಲ್ಲಿ ಸೋಸುವ ಸದ್ದು ನಿಂತಿತು. ಬೈಯಲಿ ಎಂದು ಕಾದೆ. ಊರುಗೋಲು ಎತ್ತಿ ಹೊಡೆದರೂ ಸರಿ ಎಂದು ಬೆನ್ನು ಗಟ್ಟಿಮಾಡಿಕೊಂಡಿದ್ದೆ. ಅವರ ಮುಖದಲ್ಲಿ ಮೂಡಿದ್ದನ್ನು ಎದುರಿಸಲು ಮಾತ್ರ ನಾನು ಸಿದ್ಧಳಾಗಿರಲಿಲ್ಲ.

"ಹಾಗಾದ್ರೆ ಅದು ಪೊಳ್ಳೇ?" ಎಂದರು.

"ಪೊಳ್ಳೇ ಇದ್ದಿರಬೇಕು ಅಣ್ಣಾ."

"ನಾನು ಕೇಳಿದ್ದು ಸರಿ!" ಅವರು ದಿಂಬಿನಿಂದ ಮೇಲೆದ್ದರು. ನೋವಿಗೆ ಮುಖ ಕಿವುಚಿತು, ಆದರೂ ನಗುತ್ತಿದ್ದರು. "ಲೇ, ಕೇಳಿಸ್ತೇನೇ? ನನ್ನ ಕಿವಿಗೆ ಏನೂ ಆಗಿಲ್ವಂತೆ! ಆ ಗಾಳೀಲೂ ಸರಿಯಾಗೇ ಕೇಳಿದೆ ಕಣೇ!" ಎಂದು ಹೆಂಡತಿಯನ್ನು ಕೂಗಿದರು. ಕಣ್ಣಲ್ಲಿ ನೀರು ಬಂದಿತ್ತು. ಮಂಚದ ಕಂಬಿಯನ್ನು ಗೆಣ್ಣಿನಿಂದ ಟಕಟಕ ತಟ್ಟಿ ತಲೆ ವಾಲಿಸಿ ಕೇಳಿದರು, ಗೋಡೆ ತಟ್ಟಿ ಕೇಳಿದರು. ಒಂದು ಬೈಗುಳ ಬಂದಿದ್ದರೆ ನನ್ನ ಎದೆ ಎಷ್ಟೋ ಹಗುರಾಗುತ್ತಿತ್ತು.

"ಸೋಮವಾರ ನೀನೇ ಬಂದು ಅವರ ಮುಂದೆ ಹೇಳ್ತೀಯಾ?" ಎಂದು ಕೇಳಿದರು.

"ಹೇಳ್ತೀನಿ." ಲೈಸೆನ್ಸ್ ಹೋಗುತ್ತದೆ ಎಂದು ಗೊತ್ತಿತ್ತು. ಹೋಗಲಿ.

"ಹಾಗಾದ್ರೆ ಸರಿ. ಚಹಾ ಕುಡಿದು ಹೋಗು" ಎಂದರು.

ಅತ್ತಿಗೆ ಒಂದೇ ಲೋಟ ತಂದರು, ಅಣ್ಣನ ಕೈಗೆ ಕೊಟ್ಟರು. ನಾನು ಎದ್ದೆ. ಅತ್ತಿಗೆ ಬಾಗಿಲವರೆಗೆ ಬಂದರು, ಇಷ್ಟು ದಿನ ಬರುತ್ತಿದ್ದ ಹಾಗೆಯೇ. ಈ ಸಲ ಕೈ ಹಿಡಿಯಲಿಲ್ಲ.

"'ತಟ್ಟಿ ನೋಡಿ ಅಣ್ಣಾ, ನಾನು ನೋಡಿಲ್ಲ' ಅಂತ ಇಷ್ಟು ಹೇಳೋಕೆ ಅವತ್ತು ಫೋನಲ್ಲಿ ಎಷ್ಟು ಹೊತ್ತು ಬೇಕಿತ್ತಮ್ಮಾ?" ಎಂದರು.

ಅವರು ಬಾಗಿಲು ಹಾಕಿಕೊಂಡರು. ಒಳಗೆ ಅಣ್ಣ ಇನ್ನೂ ಮಂಚದ ಕಂಬಿ ತಟ್ಟಿ ಕೇಳುತ್ತಲೇ ಇದ್ದರು.