ಥರ್ಡ್ ಗೇರ್ ಹಿಡಿದ ಕೈ

ಕಳೆದ ಶನಿವಾರ ಶಿವಾಜಿನಗರದ ನಡುರಸ್ತೆಯಲ್ಲಿ, ಹಾಡಹಗಲೇ, ನಾನೊಬ್ಬ ಪರಪುರುಷನ ಕೈ ಹಿಡಿದೆ.

(ಗಾಬರಿಯಾಗಬೇಡಿ. ನನಗೆ ಐವತ್ತೊಂಬತ್ತು, ಅವರಿಗೆ ಅರವತ್ತು ದಾಟಿದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.)

ತಪ್ಪು ನಮ್ಮ ಹಳೇ ಕಾರಿನದು. ಅದಕ್ಕೆ ಇಪ್ಪತ್ತೆರಡು ವರ್ಷ. ಅದರ ಗೇರ್ ಲಿವರ್ ದೊಡ್ಡ ಪಾತ್ರೆಯೊಳಗಿನ ಸೌಟಿನ ಹಾಗೆ ಎತ್ತ ಬೇಕಾದರೂ ಆಡುತ್ತಿತ್ತು. ಅದೂ ಹೋಗಲಿ. ಥರ್ಡ್ ಗೇರ್ ಹಾಕಿದರೆ ನಿಲ್ಲುತ್ತಲೇ ಇರಲಿಲ್ಲ. ಟಕ್ ಅಂತ ನ್ಯೂಟ್ರಲ್‌ಗೆ ಜಾರಿಬಿಡುತ್ತಿತ್ತು.

ಬುದ್ಧಿಯಿರುವವರು ಏನು ಮಾಡುತ್ತಾರೆ? ರಿಪೇರಿ ಮಾಡಿಸುತ್ತಾರೆ. ನಮ್ಮ ಯಜಮಾನರು ಏನು ಮಾಡಿದರು ಗೊತ್ತೇ? ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಅವರು ಥರ್ಡ್ ಹಾಕಿ "ಹಿಡಿ" ಅನ್ನುವರು. ನಾನು ಬಲಗೈಯಲ್ಲಿ ಲಿವರ್ ಒತ್ತಿ ಹಿಡಿಯಬೇಕು. "ಬಿಡು" ಅಂದಾಗ ಬಿಡಬೇಕು. ಪ್ರತಿ ಭಾನುವಾರ ರಿಚರ್ಡ್ಸ್ ಟೌನಿನ ನಮ್ಮ ಮನೆಯಿಂದ ಕೃಷ್ಣರಾಜಪುರದ ಅತ್ತೆ ಮನೆಗೆ ಊಟಕ್ಕೆ ಹೋಗುವಾಗ ಇದೇ ಕೆಲಸ. ಹಲಸೂರು ದಾಟಿದ ಮೇಲೆ ರಸ್ತೆ ಸ್ವಲ್ಪ ಖಾಲಿ ಸಿಕ್ಕರೆ, "ಹಿಡಿ." ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸುಗಳ ಗುಂಪು ಕಂಡ ಕೂಡಲೇ, "ಬಿಡು." ಹೀಗೆ ಒಂಬತ್ತು ವರ್ಷ!

"ರೀ, ಯಾರಿಗಾದ್ರೂ ತೋರ್ಸ್ರೀ, ನನ್ನ ಭುಜ ಬಿದ್ದೋಗ್ತಿದೆ" ಅಂತ ಗೊಣಗಿದರೆ, "ಮುಂದಿನ್ ವಾರ ಕಣೇ" ಅನ್ನುವರು.

ಯಾರ ಮನೆಯಲ್ಲಿಲ್ಲ ಹೇಳಿ ಇಂಥದ್ದು? ಒಬ್ಬರು ಬಾಗಿಲು ಎತ್ತಿ ಹಿಡಿದರೇ ಇನ್ನೊಬ್ಬರು ಚಿಲಕ ಹಾಕಲು ಆಗುವುದು. ಒಬ್ಬರು ಮುಚ್ಚಳ ಒತ್ತಿ ಹಿಡಿದರೇ ಮಿಕ್ಸಿ ತಿರುಗುವುದು. ಇಬ್ಬರಿರುವ ತನಕ ಅದು ಕೆಟ್ಟಿದೆ ಅಂತಲೇ ಅನಿಸುವುದಿಲ್ಲ.

ಜಗಳವಾಡಿ ಮಾತು ಬಿಟ್ಟ ವಾರಗಳೂ ಇದ್ದವು. ಅಂಥ ಭಾನುವಾರವೂ "ಹಿಡಿ", "ಬಿಡು" ಅನ್ನುವ ಎರಡು ಮಾತು ಅವರು ಆಡಲೇಬೇಕಿತ್ತು. ಒಮ್ಮೆ ಸಿಟ್ಟಿನಲ್ಲಿ ನಾನು ಕೈ ಕಟ್ಟಿಕೊಂಡು ಕೂತೆ. ಗೇರ್ ಜಾರಿತು, ಹಿಂದಿನ ಬಸ್ಸಿನವನು ಕಿವಿ ಹರಿಯುವಂತೆ ಹಾರ್ನ್ ಹೊಡೆದ. "ಹಿಡಿಯೇ ತಾಯಿ!" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಜಗಳ ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಅವರು ತೀರಿಕೊಂಡರು. ಕಾರು ಉಳಿಯಿತು. ಹಟ ಹಿಡಿದು ಡ್ರೈವಿಂಗ್ ಕಲಿತೆ. ಭಾನುವಾರದ ಊಟ ಬಿಡಲಾಗದು. ಅತ್ತೆ ನನ್ನ ದಾರಿ ಕಾಯುತ್ತಾ ಗೇಟಿನಲ್ಲೇ ನಿಂತಿರುತ್ತಾರೆ. ಆದರೆ ಈಗ ನಾನೇ ಓಡಿಸಬೇಕು, ನಾನೇ ಹಿಡಿದಿರಬೇಕು. ಹೋದ ತಿಂಗಳು ಟಿನ್ ಫ್ಯಾಕ್ಟರಿ ಹತ್ತಿರ ಕನ್ನಡಕ ಸರಿಮಾಡಿಕೊಳ್ಳಲು ಎಡಗೈ ತೆಗೆದೆ, ಅಷ್ಟೆ. ಗೇರ್ ಜಾರಿ ಕಾರು ನಿಧಾನವಾಯಿತು. ಹಿಂದಿನ ಆಟೊ ಸ್ವಲ್ಪದರಲ್ಲಿ ಗುದ್ದುತ್ತಿತ್ತು. ಆಟೊದವನು ಬಾಯಿಗೆ ಬಂದಂತೆ ಬೈದ. ನಾನು ಪಕ್ಕದ ಖಾಲಿ ಸೀಟು ನೋಡಿ ಗೋಳೋ ಅಂತ ಅತ್ತುಬಿಟ್ಟೆ.

ಇನ್ನು ಹೀಗಾದರೆ ಅತ್ತೆಯ ಮನೆಗೆ ಹೋಗುವುದೇ ನಿಲ್ಲುತ್ತದೆ ಅನಿಸಿ, ಶಿವಾಜಿನಗರದ ಮೆಕ್ಯಾನಿಕ್ ನಯಾಜ್ ಭಾಯ್ ಹತ್ತಿರ ಕಾರು ಒಯ್ದೆ. ಅವರು ಕಾರಿನಡಿ ತೂರಿ, ಹೊರಬಂದು, ಅಂಗೈ ಚಾಚಿದರು. ಸವೆದು ಹರಿದ ಎರಡು ಪುಟ್ಟ ಪ್ಲಾಸ್ಟಿಕ್ ಉಂಗುರ.

"ಗೇರ್ ರಾಡಿನ ಬುಷ್ ಅಮ್ಮಾ. ಪೂರಾ ಖತಂ. ಗೇರ್ ಅರ್ಧಕ್ಕೇ ಕೂರ್ತಾ ಇತ್ತು. ಇಷ್ಟ್ ವರ್ಷ ಹೆಂಗೆ ಓಡ್ಸಿದ್ರಿ?"

"ನಾನು ಹಿಡ್ಕೊಂಡಿರ್ತಿದ್ದೆ."

"ಗೇರ್‌ನಾ? ಅರೆ ಅಲ್ಲಾ! ಇದು ಅರ್ಧ ಗಂಟೆ ಕೆಲ್ಸ ಅಮ್ಮಾ!"

ಅರ್ಧ ಗಂಟೆ! ಯಜಮಾನರು ಎದುರಿಗಿದ್ದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. (ಪ್ರೀತಿಯಿಂದ ಬೇಕಂತಲೇ ಬಿಟ್ಟಿದ್ದರು ಅಂತ ನೀವು ಕತೆ ಕಟ್ಟಬೇಡಿ. ಶುದ್ಧ ಸೋಮಾರಿತನ. ಆ ಮನುಷ್ಯ ನನಗೆ ಗೊತ್ತಿಲ್ಲವೇ?)

ಹೊಸ ಬುಷ್ ಹಾಕಿಯಾಯಿತು. "ಬನ್ನಿ, ಟ್ರಯಲ್ ನೋಡೋಣ" ಅಂತ ಭಾಯ್ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಪಕ್ಕದಲ್ಲಿ, ವರ್ಷದ ನಂತರ ನನ್ನ ಹಳೇ ಜಾಗದಲ್ಲಿ. ಫಸ್ಟ್. ಸೆಕೆಂಡ್. ಥರ್ಡ್ ಬಿತ್ತು. ಯಾರೂ "ಹಿಡಿ" ಅನ್ನಲಿಲ್ಲ. ಆದರೂ ನನ್ನ ಬಲಗೈ ತಾನಾಗಿ ಹೋಗಿ ಲಿವರ್ ಹಿಡಿಯಿತು. ಭಾಯ್ ಕೈ ಇನ್ನೂ ಅಲ್ಲೇ ಇತ್ತು.

ಪಾಪ, ಬೆಚ್ಚಿಬಿದ್ದರು. ನನಗೋ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಆದರೂ ಕೈ ಬಿಡಲು ಮನಸ್ಸು ಬರಲಿಲ್ಲ. ಅವರು ತಮ್ಮ ಕೈ ಮೆಲ್ಲಗೆ ತೆಗೆದುಕೊಂಡು, ರಸ್ತೆ ನೋಡುತ್ತಲೇ ಅಂದರು: "ಬಿಡಿ ಅಮ್ಮಾ. ಈಗ ಅದೇ ನಿಲ್ಲುತ್ತೆ."

ಬಿಟ್ಟೆ. ನಿಂತಿತು.

ಮಾರನೇ ದಿನ ಭಾನುವಾರ. ಒಬ್ಬಳೇ ಅತ್ತೆ ಮನೆಗೆ ಹೊರಟೆ. ಥರ್ಡ್ ಗೇರ್ ಅಲುಗಾಡಲಿಲ್ಲ. ಟಿನ್ ಫ್ಯಾಕ್ಟರಿ ಸಲೀಸಾಗಿ ದಾಟಿದೆ. "ಇವತ್ತು ಬೇಗ ಬಂದ್ಬಿಟ್ಯಲ್ಲೇ" ಅಂದರು ಅತ್ತೆ. ಹೌದು, ಕಾರಿಗೆ ಈಗ ಯಾರ ಸಹಾಯವೂ ಬೇಡ.

"ಹಿಡಿ" ಅನ್ನುವವರು ಯಾರೂ ಇಲ್ಲದ ಕಾರಿನಲ್ಲಿ ಈ ಕೈಯನ್ನು ನಾನು ಎಲ್ಲಿಡಲಿ, ಹೇಳಿ?